ಮೊದಲ ಕಂಪ್ಯೂಟರ್ ಜೋಡಣೆ: ಸರಿಹೊಂದುವ ಪವರ್ ಸಪ್ಲೈ ಆರಿಸುವುದು ಹೇಗೆ

ಕಂಪ್ಯೂಟರಿನ ಎಲ್ಲ ಭಾಗಗಳಿಗೂ ಕರೆಂಟ್ ಹಂಚುವ ಪವರ್ ಸಪ್ಲೈ ವಿಷಯ ಬಂದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಎಷ್ಟು ವ್ಯಾಟ್ ಬೇಕು? ನಿಜ ಹೇಳಬೇಕೆಂದರೆ ವ್ಯಾಟ್ ಲೆಕ್ಕ ಸುಲಭದ ಭಾಗ. ಮೊದಲ ಸಲ ಜೋಡಿಸುವವರು ಎಡವುವುದು ಬೇರೆ ಕಡೆ. ಕ್ಯಾಬಿನೆಟ್ಟಿನಲ್ಲಿ ಕೂರದ ಉದ್ದ, ಮದರ್‌ಬೋರ್ಡಿನ ಮೇಲ್ತುದಿಗೆ ಎಟುಕದ ಕೇಬಲ್, ಗ್ರಾಫಿಕ್ಸ್ ಕಾರ್ಡ್ ಮೂರು ಕನೆಕ್ಟರ್ ಕೇಳಿದರೆ ಎರಡೇ ಇರುವುದು, ಪೆಟ್ಟಿಗೆಯ ಮೇಲೆ 500 ಎಂದು ದಪ್ಪಕ್ಷರದಲ್ಲಿ ಬರೆದು ಒಳಗೆ ಅದರ ಮುಕ್ಕಾಲು ಪಾಲನ್ನೂ ಸರಿಯಾಗಿ ಕೊಡದ ಸರಕು. ಉಳಿದ ಭಾಗಗಳನ್ನೆಲ್ಲ ಆರಿಸಿದ ಮೇಲೆಯೇ ಪವರ್ ಸಪ್ಲೈ ಆರಿಸಿ. ಆದರೆ ಮಿಕ್ಕ ಚಿಲ್ಲರೆ ಹಣದಲ್ಲಿ ಆರಿಸಬೇಡಿ. ಅದಕ್ಕೊಂದು ಪಾಲು ಮೊದಲೇ ಎತ್ತಿಡಿ.

ಕೈಯಲ್ಲಿ ಇರಬೇಕಾದ ಮಾಹಿತಿ ಇಷ್ಟು: ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ಮದರ್‌ಬೋರ್ಡ್ ಮತ್ತು ಕ್ಯಾಬಿನೆಟ್‌ಗಳ ಪೂರ್ತಿ ಮಾಡೆಲ್ ಹೆಸರು, ತಯಾರಕರ ಪುಟದಲ್ಲಿರುವ ಅವುಗಳ ವಿವರ. "ಆರ್‌ಟಿಎಕ್ಸ್ 4070" ಎಂದಷ್ಟೇ ಗೊತ್ತಿದ್ದರೆ ಸಾಲದು. ಅದೇ ಚಿಪ್ಪಿನ ಒಂದು ಕಾರ್ಡಿಗೆ ಒಂದೇ 8 ಪಿನ್ ಸಾಕಾದರೆ ಇನ್ನೊಂದು ಕಂಪನಿಯ ಕಾರ್ಡಿಗೆ 16 ಪಿನ್ ಬೇಕಾಗುತ್ತದೆ.

ಅಳತೆ

ಸಾಮಾನ್ಯ ಟವರ್ ಕ್ಯಾಬಿನೆಟ್ಟುಗಳಿಗೆ ಎಟಿಎಕ್ಸ್ ಅಳತೆಯ ಪವರ್ ಸಪ್ಲೈ ಹೊಂದುತ್ತದೆ: 150 ಮಿ.ಮೀ. ಅಗಲ, 86 ಮಿ.ಮೀ. ಎತ್ತರ. ಇವೆರಡೂ ಬದಲಾಗುವುದಿಲ್ಲ, ಉದ್ದ ಮಾತ್ರ ಬದಲಾಗುತ್ತದೆ. 140 ಮಿ.ಮೀ.ನಿಂದ ಶುರುವಾಗಿ 1000 ವ್ಯಾಟ್ ಆಸುಪಾಸಿನವು 180 ಮಿ.ಮೀ. ದಾಟುವುದೂ ಉಂಟು. ಕ್ಯಾಬಿನೆಟ್ ವಿವರದಲ್ಲಿ ಪವರ್ ಸಪ್ಲೈಗೆ ಗರಿಷ್ಠ ಇಷ್ಟು ಎಂದು ಕೊಟ್ಟಿರುತ್ತಾರೆ. ಆ ಸಂಖ್ಯೆಯ ಅಂಚಿನವರೆಗೂ ಹೋಗಬೇಡಿ. ಮಾಡ್ಯುಲರ್ ಮಾದರಿಯಲ್ಲಿ, ಅಂದರೆ ಕೇಬಲ್‌ಗಳನ್ನು ಬೇಕಾದಂತೆ ಬಿಚ್ಚಿ ಸಿಕ್ಕಿಸಬಹುದಾದದ್ದರಲ್ಲಿ, ಕೇಬಲ್ ಸಿಕ್ಕಿಸುವ ಬದಿಯಲ್ಲಿ ಪ್ಲಗ್ಗು ಮತ್ತು ಅದರ ಬಾಗುವಿಕೆ ಸೇರಿ ಇನ್ನೂ 3ರಿಂದ 4 ಸೆಂ.ಮೀ. ಜಾಗ ತಿನ್ನುತ್ತವೆ. ಪಕ್ಕದಲ್ಲಿ ಹಾರ್ಡ್ ಡಿಸ್ಕ್ ಗೂಡು ಇದ್ದರಂತೂ ಕಡೆಗೆ ಆ ಗೂಡನ್ನೇ ಬಿಚ್ಚಿ ಹೊರಗಿಡಬೇಕಾಗುತ್ತದೆ.

ಪುಟ್ಟ ಕ್ಯಾಬಿನೆಟ್ಟುಗಳಿಗೆ ಎಸ್‌ಎಫ್‌ಎಕ್ಸ್ ಬೇಕು: 125 ಮಿ.ಮೀ. ಅಗಲ, 63.5 ಮಿ.ಮೀ. ಎತ್ತರ, 100 ಮಿ.ಮೀ. ಉದ್ದ. ಎಸ್‌ಎಫ್‌ಎಕ್ಸ್-ಎಲ್ ಎಂಬುದು ಅದರದೇ 130 ಮಿ.ಮೀ. ಉದ್ದದ ರೂಪ. ಎಸ್‌ಎಫ್‌ಎಕ್ಸ್ ಅನ್ನು ಅಡ್ಡಪಟ್ಟಿ ಹಾಕಿ ದೊಡ್ಡ ಕ್ಯಾಬಿನೆಟ್ಟಿನಲ್ಲೂ ಕೂರಿಸಬಹುದು, ಆದರೆ ಅದರ ಕೇಬಲ್‌ಗಳು ಗಿಡ್ಡ. ಪವರ್ ಸಪ್ಲೈ ತಳದಲ್ಲಿ ಕೂರುವ ಟವರಿನಲ್ಲಿ ಪ್ರೊಸೆಸರ್ ಕೇಬಲ್ ಮದರ್‌ಬೋರ್ಡಿನ ಹಿಂದಿನಿಂದ ಹತ್ತಿ ಮೇಲಿನ ಎಡ ಮೂಲೆಗೆ ಹೋಗಬೇಕು. ಮಧ್ಯಮ ಗಾತ್ರದ ಟವರಿಗೆ 65 ಸೆಂ.ಮೀ. ಉದ್ದದ ಕೇಬಲ್ ಇದ್ದರೆ ನೆಮ್ಮದಿ. ಈ ಉದ್ದವನ್ನು ಒಳ್ಳೆಯ ತಯಾರಕರು ವಿವರಪಟ್ಟಿಯಲ್ಲಿ ಕೊಡುತ್ತಾರೆ.

ಹಳೆಯ ಬ್ರಾಂಡೆಡ್ ಕಂಪ್ಯೂಟರಿನಿಂದ ತೆಗೆದ ಪವರ್ ಸಪ್ಲೈಯನ್ನು ಬಳಸುವ ಯೋಚನೆಯಿದ್ದರೆ ಕೈಬಿಡಿ. ಅವುಗಳಲ್ಲಿ ಎಷ್ಟೋ ತಮ್ಮದೇ ಅಳತೆ, ತಮ್ಮದೇ ಪಿನ್ ಜೋಡಣೆ ಹೊಂದಿರುತ್ತವೆ.

ಲೇಬಲ್ ಓದುವುದು

ಪವರ್ ಸಪ್ಲೈ ಗೋಡೆಯ ಎಸಿ ಕರೆಂಟನ್ನು 12, 5 ಮತ್ತು 3.3 ವೋಲ್ಟಿನ ಡಿಸಿಯಾಗಿ ಬದಲಿಸುತ್ತದೆ. ಇಂದಿನ ಕಂಪ್ಯೂಟರಿನಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಎಳೆಯುವುದು ಬಹುಪಾಲು 12 ವೋಲ್ಟಿನಿಂದಲೇ. ಹಾಗಾಗಿ ನೋಡಬೇಕಾದ ಅಂಕಿ ಪೆಟ್ಟಿಗೆಯ ಮುಂಭಾಗದಲ್ಲಿ ಇಲ್ಲ, ಪವರ್ ಸಪ್ಲೈಯ ಪಕ್ಕಕ್ಕೆ ಅಂಟಿಸಿದ ಕೋಷ್ಟಕದಲ್ಲಿದೆ.

ಸರಿಯಾದ 650 ವ್ಯಾಟ್ ಪವರ್ ಸಪ್ಲೈಯ ಲೇಬಲ್ ಹೀಗಿರುತ್ತದೆ: 3.3 ವೋಲ್ಟ್ ಮತ್ತು 5 ವೋಲ್ಟ್ ತಲಾ 20 ಆಂಪಿಯರ್, ಎರಡೂ ಸೇರಿ ಗರಿಷ್ಠ 100 ವ್ಯಾಟ್, 12 ವೋಲ್ಟ್ 54 ಆಂಪಿಯರ್, ಅಂದರೆ 648 ವ್ಯಾಟ್, ಒಟ್ಟು 650. ಆಂಪಿಯರನ್ನು 12ರಿಂದ ಗುಣಿಸಿದಾಗ ಬರುವ ಸಂಖ್ಯೆ ಒಟ್ಟು ವ್ಯಾಟಿಗೆ ತೀರಾ ಹತ್ತಿರ ಇದ್ದರೆ ವಿನ್ಯಾಸ ಹೊಸದು ಎಂದರ್ಥ. ಈಗ ಇನ್ನೊಂದು ಲೇಬಲ್ ನೋಡಿ: ಹೆಸರಿನಲ್ಲಿ 500, ಆದರೆ 12 ವೋಲ್ಟಿನ ಸಾಲಿನಲ್ಲಿ 28 ಆಂಪಿಯರ್. ಗುಣಿಸಿದರೆ 336 ವ್ಯಾಟ್. ಉಳಿದದ್ದು 5 ಮತ್ತು 3.3 ವೋಲ್ಟಿನಲ್ಲಿದೆ, ಈಗಿನ ಕಂಪ್ಯೂಟರ್ ಅಲ್ಲಿಂದ ಅಷ್ಟೊಂದು ಎಳೆಯುವುದಿಲ್ಲ. ಈ ಪವರ್ ಸಪ್ಲೈಯನ್ನು 336 ವ್ಯಾಟಿನದು ಎಂದೇ ಲೆಕ್ಕಕ್ಕೆ ಹಿಡಿಯಿರಿ. ಲೇಬಲ್ಲಿನಲ್ಲಿ 12 ವೋಲ್ಟಿಗೆ ಎರಡು ಮೂರು ಸಾಲುಗಳಿದ್ದರೆ ಆಂಪಿಯರುಗಳನ್ನು ಕೂಡಿಸಬೇಡಿ. ಕೆಳಗೆ ಅವೆಲ್ಲಕ್ಕೂ ಸೇರಿ ಕೊಟ್ಟ ಗರಿಷ್ಠ ವ್ಯಾಟ್ ಒಂದೇ ಸತ್ಯ. ಲೇಬಲ್ಲಿನ ಚಿತ್ರವನ್ನೇ ಎಲ್ಲೂ ತೋರಿಸದ ಸರಕಿನ ಗೊಡವೆ ಬೇಡ.

ಹಿಂಬದಿಯಲ್ಲಿ 115/230 ಎಂದು ಬರೆದ ಕೆಂಪು ಜಾರುಗುಂಡಿ ಇದ್ದರೂ ಅಷ್ಟೇ, ಪಕ್ಕಕ್ಕಿಡಿ. ಅದು ಹಳೆಯ ವಿನ್ಯಾಸದ ಗುರುತು. 230 ವೋಲ್ಟಿನ ಮನೆಯಲ್ಲಿ ಆ ಗುಂಡಿ ಅಪ್ಪಿತಪ್ಪಿ 115ಕ್ಕೆ ಜಾರಿದ್ದರೆ ಸ್ವಿಚ್ ಹಾಕಿದ ಕ್ಷಣವೇ ಢಬ್ ಎಂದು ಸುಟ್ಟುಹೋಗುತ್ತದೆ. ಆಕ್ಟಿವ್ ಪಿಎಫ್‌ಸಿ (ಗೋಡೆಯ ಕರೆಂಟನ್ನು ಅದರ ಅಲೆಗೆ ಹೊಂದುವಂತೆ ಎಳೆಯುವ ಸರ್ಕ್ಯೂಟ್) ಇರುವ ಈಗಿನ ಮಾದರಿಗಳು ಸಾಮಾನ್ಯವಾಗಿ 100ರಿಂದ 240 ವೋಲ್ಟಿನವರೆಗೆ ತಾವೇ ಹೊಂದಿಕೊಳ್ಳುತ್ತವೆ.

ವ್ಯಾಟ್ ಲೆಕ್ಕ

ಪ್ರೊಸೆಸರ್ ವಿವರದಲ್ಲಿ ಟಿಡಿಪಿ ಎಂದು ಕೊಟ್ಟ ವ್ಯಾಟ್ ಅಂಕಿಯನ್ನು ಹಾಗೇ ನಂಬಿದರೆ ಲೆಕ್ಕ ತಪ್ಪುತ್ತದೆ. ಎಎಮ್‌ಡಿಯ ಎಎಮ್5 ಸಾಕೆಟ್ಟಿನ ಪ್ರೊಸೆಸರುಗಳಲ್ಲಿ 65 ವ್ಯಾಟ್ ಎಂದರೆ ನಿಜವಾದ ಮಿತಿ 88, 105 ಎಂದರೆ 142, 120 ಎಂದರೆ 162, 170 ಎಂದರೆ 230. ಇಂಟೆಲ್ ಮೂಲ ಮತ್ತು ಗರಿಷ್ಠ ಎಂದು ಎರಡು ಸಂಖ್ಯೆ ಕೊಡುತ್ತದೆ: ಕೋರ್ ಐ5-12400ಕ್ಕೆ 65 ಮತ್ತು 117, ಕೋರ್ ಐ7-14700ಕೆಗೆ 125 ಮತ್ತು 253. ನಿಮಗೆ ಬೇಕಾದದ್ದು ಎರಡನೆಯದು. ಮಿತಿಯನ್ನೇ ತೆಗೆದುಹಾಕಿ ಮದರ್‌ಬೋರ್ಡ್ ಓಡಿಸುವುದೂ ಉಂಟು, ಆಗ ಅದೂ ದಾಟುತ್ತದೆ.

ಗ್ರಾಫಿಕ್ಸ್ ಕಾರ್ಡಿನ ಸಂಖ್ಯೆ ಇದಕ್ಕಿಂತ ನೇರ: ಆರ್‌ಟಿಎಕ್ಸ್ 4060ಕ್ಕೆ 115 ವ್ಯಾಟ್, 4070ಕ್ಕೆ 200, 5070ಕ್ಕೆ 250, 5090ಕ್ಕೆ 575, ಆರ್‌ಎಕ್ಸ್ 7800 ಎಕ್ಸ್‌ಟಿಗೆ 263, 7900 ಎಕ್ಸ್‌ಟಿಎಕ್ಸ್‌ಗೆ 355. ಕಾರ್ಖಾನೆಯಲ್ಲೇ ವೇಗ ಹೆಚ್ಚಿಸಿದ ಕಾರ್ಡುಗಳು ಇದಕ್ಕಿಂತ ಕೊಂಚ ಹೆಚ್ಚು ಎಳೆಯುತ್ತವೆ. ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನುಗಳು, ಯುಎಸ್‌ಬಿಗೆ ಸಿಕ್ಕಿಸಿದ್ದು ಎಲ್ಲಕ್ಕೂ ಸೇರಿ 60ರಿಂದ 80 ವ್ಯಾಟ್ ಇಟ್ಟುಕೊಳ್ಳಿ. ಒಂದೊಂದನ್ನೂ ಬಿಡಿಬಿಡಿಯಾಗಿ ಲೆಕ್ಕ ಹಾಕಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ನಾಲ್ಕೈದು ಹಾರ್ಡ್ ಡಿಸ್ಕ್ ಹಾಕುವವರು ಮಾತ್ರ ಒಂದೊಂದಕ್ಕೆ 25 ವ್ಯಾಟ್ ಸೇರಿಸಬೇಕು. ಓಡುವಾಗ ಅವು ಎಳೆಯುವುದು ಕಡಿಮೆಯೇ, ಆದರೆ ತಟ್ಟೆ ತಿರುಗಲು ಶುರುವಾಗುವ ಆ ಕೆಲವು ಸೆಕೆಂಡು ಹೆಚ್ಚು ಬೇಡುತ್ತವೆ.

ರೈಜನ್ 5 7600 ಜೊತೆ ಆರ್‌ಟಿಎಕ್ಸ್ 4070 ಎಂದುಕೊಳ್ಳೋಣ. 88 + 200 + 70 = 358 ವ್ಯಾಟ್. ಇದನ್ನು ಒಂದೂವರೆಯಿಂದ ಗುಣಿಸಿ: 537. ಅಂದರೆ 550 ಸಾಕು, 650 ತಗೊಂಡರೆ ಮುಂದೆ ಕಾರ್ಡ್ ಬದಲಿಸಲು ಜಾಗ ಇರುತ್ತದೆ. ಕೋರ್ ಐ7-14700ಕೆ ಜೊತೆ 7900 ಎಕ್ಸ್‌ಟಿಎಕ್ಸ್ ಆದರೆ 253 + 355 + 80 = 688; ಒಂದೂವರೆ ಪಟ್ಟು ಎಂದರೆ 1032. ಗೇಮ್ ಆಡುವಾಗ ಎರಡೂ ಒಟ್ಟಿಗೆ ಗರಿಷ್ಠಕ್ಕೆ ಹೋಗುವುದು ಅಪರೂಪವಾದ್ದರಿಂದ ಒಳ್ಳೆಯ 850 ನಡೆಯುತ್ತದೆ, 1000 ನಿರಾಳ. ಬೇರೆ ಗ್ರಾಫಿಕ್ಸ್ ಕಾರ್ಡೇ ಇಲ್ಲದ, ಪ್ರೊಸೆಸರಿನ ಒಳಗಿನ ಗ್ರಾಫಿಕ್ಸ್ ಬಳಸುವ ಕಂಪ್ಯೂಟರಿಗೆ 450 ವ್ಯಾಟೇ ಧಾರಾಳ. ಅಲ್ಲಿ 750 ಹಾಕುವುದು ದುಡ್ಡು ದಂಡ.

ಒಂದೂವರೆ ಪಟ್ಟು ಯಾಕೆ ಎಂದರೆ ಗ್ರಾಫಿಕ್ಸ್ ಕಾರ್ಡ್ ಒಂದೇ ಸಮನೆ ಎಳೆಯುವುದಿಲ್ಲ. ಸರಾಸರಿ 300 ವ್ಯಾಟಿನ ಕಾರ್ಡ್ ಮಿಲಿಸೆಕೆಂಡಿಗೂ ಕಡಿಮೆ ಹೊತ್ತು ಅದರ ಎರಡು ಪಟ್ಟಿನ ಹತ್ತಿರ ಜಿಗಿಯಬಲ್ಲದು. ಪವರ್ ಸಪ್ಲೈಯ ರಕ್ಷಣಾ ಸರ್ಕ್ಯೂಟ್ ಇದನ್ನು ಓವರ್‌ಲೋಡ್ ಎಂದು ತಿಳಿದು ಕರೆಂಟ್ ಕಡಿದುಬಿಡುತ್ತದೆ. ಆಟದ ಮಧ್ಯೆ ಸ್ಕ್ರೀನ್ ಕಪ್ಪಾಗಿ ಕಂಪ್ಯೂಟರ್ ಆರುತ್ತದೆ. 2022ರಲ್ಲಿ ಬಂದ ಎಟಿಎಕ್ಸ್ 3.0 ನಿಯಮ ಇದಕ್ಕೆಂದೇ ಒಂದು ಷರತ್ತು ಸೇರಿಸಿತು: ಹೊಸ 16 ಪಿನ್ ಕನೆಕ್ಟರ್ ಇರುವ, 450 ವ್ಯಾಟಿಗಿಂತ ದೊಡ್ಡ ಪವರ್ ಸಪ್ಲೈ ತನ್ನ ಸಾಮರ್ಥ್ಯದ ಎರಡು ಪಟ್ಟನ್ನು 100 ಮೈಕ್ರೋಸೆಕೆಂಡ್ ತಾಳಿಕೊಳ್ಳಬೇಕು. 250 ವ್ಯಾಟಿಗೆ ಮೇಲ್ಪಟ್ಟ ಕಾರ್ಡ್ ಹಾಕುವುದಾದರೆ ಎಟಿಎಕ್ಸ್ 3.0 ಅಥವಾ 3.1 ಎಂದು ಬರೆದದ್ದನ್ನೇ ತೆಗೆದುಕೊಳ್ಳಿ.

ಕನೆಕ್ಟರ್ ಎಣಿಕೆ

ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲಿ. ಒಂದು ಹಾಳೆಯಲ್ಲಿ ಎರಡು ಪಟ್ಟಿ ಬರೆದುಕೊಳ್ಳಿ: ನಿಮ್ಮ ಭಾಗಗಳು ಏನೇನು ಕೇಳುತ್ತವೆ, ಪವರ್ ಸಪ್ಲೈ ಏನೇನು ಕೊಡುತ್ತದೆ.

ಮದರ್‌ಬೋರ್ಡಿಗೆ 24 ಪಿನ್‌ನದು ಒಂದು, ಅದು ಎಲ್ಲದರಲ್ಲೂ ಇರುತ್ತದೆ. ಪ್ರೊಸೆಸರಿಗೆ 8 ಪಿನ್‌ನದು ಒಂದು. ಇದು ನಾಲ್ಕು-ನಾಲ್ಕಾಗಿ ಸೀಳುತ್ತದೆ. ದುಬಾರಿ ಮದರ್‌ಬೋರ್ಡುಗಳಲ್ಲಿ ಪ್ರೊಸೆಸರಿಗೆ ಇನ್ನೊಂದು 4 ಅಥವಾ 8 ಪಿನ್ ಸಾಕೆಟ್ ಇರುತ್ತದೆ. ಓವರ್‌ಕ್ಲಾಕ್ ಮಾಡದಿದ್ದರೆ, ಅಂದರೆ ಪ್ರೊಸೆಸರಿನ ವೇಗವನ್ನು ನಿಗದಿಗಿಂತ ಏರಿಸದಿದ್ದರೆ, ಸಾಮಾನ್ಯವಾಗಿ ಎರಡನೆಯದು ಖಾಲಿ ಇದ್ದರೂ ಕಂಪ್ಯೂಟರ್ ಓಡುತ್ತದೆ. ಮೊದಲನೆಯದು ಮಾತ್ರ ಖಾಲಿ ಬಿಡುವಂತಿಲ್ಲ. ಮದರ್‌ಬೋರ್ಡ್ ಕೈಪಿಡಿಯಲ್ಲಿ ಒಮ್ಮೆ ನೋಡಿಕೊಳ್ಳಿ.

ಗ್ರಾಫಿಕ್ಸ್ ಕಾರ್ಡಿಗೆ ಸ್ಲಾಟಿನಿಂದ 75 ವ್ಯಾಟ್ ಸಿಗುತ್ತದೆ. ಪಿಸಿಐಇ ಎಂದು ಕರೆಯುವ ಕಾರ್ಡಿನ ಕನೆಕ್ಟರುಗಳಲ್ಲಿ 6 ಪಿನ್‌ನದು 75, 8 ಪಿನ್‌ನದು 150. ಈ 8 ಪಿನ್ ಆರು-ಎರಡಾಗಿ ಸೀಳುತ್ತದೆ. ಪ್ರೊಸೆಸರಿನ 8 ಪಿನ್ ಮತ್ತು ಕಾರ್ಡಿನ 8 ಪಿನ್ ದೂರದಿಂದ ಒಂದೇ ಥರ ಕಾಣುತ್ತವೆ, ಆದರೆ ಧನ ಮತ್ತು ಗ್ರೌಂಡ್ ತಂತಿಗಳ ಸ್ಥಾನ ಅದಲುಬದಲು. ಪಿನ್ನುಗಳ ಆಕಾರ ಬೇರೆಯಿರುವುದರಿಂದ ಸುಲಭವಾಗಿ ಒಳಹೋಗುವುದಿಲ್ಲ. ಒಳಹೋಗದಿದ್ದರೆ ಬಲ ಹಾಕದೆ ಕನೆಕ್ಟರ್ ಮೇಲಿನ ಬರಹ ಓದಿ.

ಎರಡು 8 ಪಿನ್ ಕೇಳುವ ಕಾರ್ಡಿಗೆ ಒಂದೇ ಕೇಬಲ್ಲಿನ ತುದಿಯಲ್ಲಿ ಎರಡು ತಲೆ ಇರುವುದನ್ನು ಸಿಕ್ಕಿಸುವ ಆಸೆ ಸಹಜ, ಕೇಬಲ್ ಕಡಿಮೆಯಾಗುತ್ತದೆ, ನೋಟವೂ ಚೆಂದ. ಲೆಕ್ಕ ನೋಡಿ: 300 ವ್ಯಾಟ್ ಎಂದರೆ 12 ವೋಲ್ಟಿನಲ್ಲಿ 25 ಆಂಪಿಯರ್, ಅದು ಹರಿಯುವುದು ಮೂರು ತಂತಿಗಳಲ್ಲಿ, ಒಂದೊಂದಕ್ಕೆ 8 ಆಂಪಿಯರಿಗೂ ಹೆಚ್ಚು. ಪವರ್ ಸಪ್ಲೈ ಕಡೆಯ ಪ್ಲಗ್ ಬಿಸಿಯಾಗುವುದು ಇಲ್ಲಿಯೇ. 225 ವ್ಯಾಟ್ ದಾಟುವ ಕಾರ್ಡಿಗೆ ಪ್ರತಿ ಸಾಕೆಟ್ಟಿಗೂ ಬೇರೆ ಬೇರೆ ಕೇಬಲ್ ಹಾಕಿ. ಹಾಗೆ ಮಾಡಲು ಪವರ್ ಸಪ್ಲೈಯಲ್ಲಿ ಅಷ್ಟು ಕೇಬಲ್ ಇದೆಯೇ ಎಂಬುದು ಕೊಳ್ಳುವ ಮೊದಲೇ ನೋಡಬೇಕಾದ ಮಾತು. "ಪಿಸಿಐಇ 8 ಪಿನ್: 4" ಎಂದು ಬರೆದಿದ್ದರೆ ಅದು ನಾಲ್ಕು ಕೇಬಲ್ ಇರಬಹುದು, ಎರಡೆರಡು ತಲೆಯ ಎರಡೇ ಕೇಬಲ್ ಕೂಡ ಇರಬಹುದು. ಇನ್ನೊಂದು ಸೂಕ್ಷ್ಮ: ಎಷ್ಟೋ ಮಾಡ್ಯುಲರ್ ಮಾದರಿಗಳಲ್ಲಿ ಪ್ರೊಸೆಸರ್ ಮತ್ತು ಪಿಸಿಐಇ ಕೇಬಲ್‌ಗಳಿಗೆ ಸಾಕೆಟ್ಟುಗಳು ಹಂಚಿಕೆ. ಒಟ್ಟು ನಾಲ್ಕಿದ್ದು ಎರಡು ಪ್ರೊಸೆಸರಿಗೆ ಹೋದರೆ ಕಾರ್ಡಿಗೆ ಉಳಿಯುವುದು ಎರಡೇ.

ಹೊಸ ಕಾರ್ಡುಗಳ 16 ಪಿನ್ ಕನೆಕ್ಟರ್ 600 ವ್ಯಾಟಿನವರೆಗೆ ಕೊಡುತ್ತದೆ. ಹನ್ನೆರಡು ಪಿನ್ ಕರೆಂಟಿಗೆ, ನಾಲ್ಕು ಸಣ್ಣವು ಸಂಕೇತಕ್ಕೆ. ಕೇಬಲ್ ಎಷ್ಟು ವ್ಯಾಟ್ ಕೊಡಬಲ್ಲದು ಎಂಬುದನ್ನು ಕಾರ್ಡಿಗೆ ತಿಳಿಸುವುದು ಈ ಸಣ್ಣ ಪಿನ್ನುಗಳೇ: 150, 300, 450 ಅಥವಾ 600. ಈ 16 ಪಿನ್‌ನ ಮೊದಲ ರೂಪವಾದ 12ವಿಎಚ್‌ಪಿಡಬ್ಲ್ಯುಆರ್ ಕನೆಕ್ಟರುಗಳು ಅರ್ಧಂಬರ್ಧ ಕೂತಿದ್ದರೂ ಕರೆಂಟ್ ಹರಿಸುತ್ತಿದ್ದವು. ಆರ್‌ಟಿಎಕ್ಸ್ 4090 ಕಾರ್ಡುಗಳಲ್ಲಿ ಪ್ಲಾಸ್ಟಿಕ್ ಕರಗಿದ ಪ್ರಕರಣಗಳಿಗೆ ಇದೂ ಒಂದು ಮುಖ್ಯ ಕಾರಣ. ಎಟಿಎಕ್ಸ್ 3.1ರ ಜೊತೆ ಬಂದ 12ವಿ-2ಎಕ್ಸ್6 ಸಾಕೆಟ್ಟಿನಲ್ಲಿ ಸಂಕೇತದ ಪಿನ್ನುಗಳನ್ನು ಗಿಡ್ಡ ಮಾಡಿ, ಕರೆಂಟಿನ ಪಿನ್ನುಗಳನ್ನು ತುಸು ಉದ್ದ ಮಾಡಿದ್ದಾರೆ. ಪೂರ್ತಿ ಕೂರದಿದ್ದರೆ ಸಂಕೇತ ಮುಟ್ಟುವುದಿಲ್ಲ, ಕಾರ್ಡ್ ಓಡುವುದಿಲ್ಲ. ಕೇಬಲ್ ಎರಡಕ್ಕೂ ಹೊಂದುತ್ತದೆ. ಸಿಕ್ಕಿಸುವಾಗ ಪ್ಲಗ್ಗಿಗೂ ಸಾಕೆಟ್ಟಿಗೂ ನಡುವೆ ಸಂದಿ ಕಾಣದಂತೆ ಒತ್ತಿ, ಟಾರ್ಚ್ ಹಿಡಿದು ನೋಡಿ. ಕನೆಕ್ಟರಿನಿಂದ 35 ಮಿ.ಮೀ. ದೂರದವರೆಗೆ ತಂತಿಯನ್ನು ಬಾಗಿಸಬೇಡಿ. ಗಾಜಿನ ಬಾಗಿಲು ಕೇಬಲ್ಲಿಗೆ ಒತ್ತುವಷ್ಟು ಕ್ಯಾಬಿನೆಟ್ ಕಿರಿದಾಗಿದ್ದರೆ ತಪ್ಪು ಕ್ಯಾಬಿನೆಟ್ ಆರಿಸಿದ್ದೀರಿ.

ಡಿಸ್ಕುಗಳಿಗೆಂದು ಇರುವ ಸಾಟಾ ಕನೆಕ್ಟರಿನಿಂದ ಗ್ರಾಫಿಕ್ಸ್ ಕಾರ್ಡಿಗೆ ಕರೆಂಟ್ ಕೊಡುವ ಅಡಾಪ್ಟರ್ ಎಂದೂ ಬೇಡ. ಸಾಟಾ 12 ವೋಲ್ಟಿನಲ್ಲಿ 4.5 ಆಂಪಿಯರ್, ಅಂದರೆ 54 ವ್ಯಾಟ್ ಮಾತ್ರ ತಾಳುತ್ತದೆ. ಕಾರ್ಡ್ 75 ಅಥವಾ 150 ಎಳೆದರೆ ಕರಗುತ್ತದೆ. ಹಳೆಯ 4 ಪಿನ್ ಮೋಲೆಕ್ಸ್ ಕನೆಕ್ಟರಿನಿಂದ ಸಾಟಾಕ್ಕೆ ಬದಲಿಸುವ, ಪ್ಲಾಸ್ಟಿಕ್ ಎರಕ ಹೊಯ್ದ ಅಗ್ಗದ ತುಂಡುಗಳೂ ಒಳಗೆ ತಂತಿಗಳು ತಾಗಿ ಬೆಂಕಿ ಹತ್ತಿಸಿದ ಕುಖ್ಯಾತಿ ಪಡೆದಿವೆ.

80 ಪ್ಲಸ್ ಬಿಲ್ಲೆ ಏನು ಹೇಳುತ್ತದೆ

80 ಪ್ಲಸ್ ಎಂಬ ದಕ್ಷತೆಯ ಪ್ರಮಾಣಪತ್ರದಲ್ಲಿ ಬ್ರಾಂಜ್, ಗೋಲ್ಡ್, ಪ್ಲಾಟಿನಂ ಎಂಬುದು ಗೋಡೆಯಿಂದ ಎಳೆದದ್ದರಲ್ಲಿ ಎಷ್ಟು ಪಾಲು ಕಂಪ್ಯೂಟರಿಗೆ ಮುಟ್ಟುತ್ತದೆ ಎಂಬ ಲೆಕ್ಕ. 115 ವೋಲ್ಟಿನ ಪರೀಕ್ಷೆಯಲ್ಲಿ ಅರ್ಧ ಲೋಡಿಗೆ ಬ್ರಾಂಜ್ 85 ಶೇಕಡ, ಗೋಲ್ಡ್ 90, ಪ್ಲಾಟಿನಂ 92. ಕಂಪ್ಯೂಟರ್ 300 ವ್ಯಾಟ್ ಬಳಸುವಾಗ ಬ್ರಾಂಜ್ ಗೋಡೆಯಿಂದ ಸುಮಾರು 353, ಗೋಲ್ಡ್ 333 ಎಳೆಯುತ್ತದೆ. ವ್ಯತ್ಯಾಸ 20 ವ್ಯಾಟ್, ಅದಿಷ್ಟೂ ಪೆಟ್ಟಿಗೆಯೊಳಗೆ ಬಿಸಿಯಾಗುತ್ತದೆ. ಪೆಟ್ಟಿಗೆಯ ಮೇಲಿನ 650 ಎಂಬುದು ಕಂಪ್ಯೂಟರಿಗೆ ಕೊಡಬಲ್ಲದ್ದು. ಅದರಲ್ಲಿ ಮತ್ತೆ 10 ಶೇಕಡ ಕಳೆಯಬೇಕಿಲ್ಲ. ಈ ಗೊಂದಲ ಬಹಳ ಜನಕ್ಕಿದೆ.

ಬಿಲ್ಲೆ ಹೇಳದ ಸಂಗತಿಗಳೇ ಹೆಚ್ಚು. ವೋಲ್ಟೇಜ್ ಎಷ್ಟು ಸ್ಥಿರ, ಅದರಲ್ಲಿ ಎಷ್ಟು ಅದುರು (ರಿಪಲ್), ಶಾರ್ಟ್ ಆದಾಗ ಕಡಿಯುತ್ತದೆಯೇ, ಯಾವುದನ್ನೂ ಅದು ಅಳೆಯುವುದಿಲ್ಲ. 12 ವೋಲ್ಟ್ 11.4ರಿಂದ 12.6ರ ಒಳಗೆ ಇರಬೇಕು, ಅದುರು 120 ಮಿಲಿವೋಲ್ಟ್ ಮೀರಬಾರದು. ಒಳ್ಳೆಯ ಪವರ್ ಸಪ್ಲೈ ಇದರ ಅರ್ಧವನ್ನೂ ಮುಟ್ಟುವುದಿಲ್ಲ. ಇದನ್ನು ತಿಳಿಯಲು ಆಸಿಲೋಸ್ಕೋಪ್ ಇಟ್ಟು ಪರೀಕ್ಷಿಸಿದ ವಿಮರ್ಶೆಯನ್ನೇ ಓದಬೇಕು. ಸೈಬೆನೆಟಿಕ್ಸ್ ಸಂಸ್ಥೆ ದಕ್ಷತೆ ಮತ್ತು ಸದ್ದು ಎರಡಕ್ಕೂ ಬೇರೆ ಬೇರೆ ದರ್ಜೆ ಕೊಡುತ್ತದೆ, ಅದರ ವರದಿಗಳೂ ಉಪಯುಕ್ತ. ಬ್ರಾಂಡ್ ಹೆಸರು ನೋಡಿ ನಂಬಬೇಡಿ, ಮಾಡೆಲ್ ನೋಡಿ: ಒಂದೇ ಬ್ರಾಂಡಿನ ಒಂದು ಸರಣಿ ಅತ್ಯುತ್ತಮವಾಗಿದ್ದು ಇನ್ನೊಂದು ಸಾಧಾರಣವಾಗಿರುವುದು ಮಾಮೂಲು. ವಿವರದಲ್ಲಿ ಓವರ್‌ಕರೆಂಟ್, ಓವರ್‌ವೋಲ್ಟೇಜ್, ಅಂಡರ್‌ವೋಲ್ಟೇಜ್, ಓವರ್‌ಪವರ್, ಶಾರ್ಟ್‌ಸರ್ಕ್ಯೂಟ್, ಅತಿಬಿಸಿ ಈ ಆರೂ ರಕ್ಷಣೆ ನಮೂದಾಗಿರಲಿ. ತಯಾರಕರು ಎಷ್ಟು ವರ್ಷ ವಾರಂಟಿ ಕೊಡುತ್ತಾರೆ ಎಂಬುದೂ ಅವರಿಗೇ ತಮ್ಮ ಸರಕಿನ ಮೇಲೆ ಎಷ್ಟು ನಂಬಿಕೆ ಎಂದು ತೋರಿಸುತ್ತದೆ: 5 ವರ್ಷಕ್ಕಿಂತ ಕಡಿಮೆ ಬೇಡ, ಒಳ್ಳೆಯವಕ್ಕೆ 7 ಅಥವಾ 10 ಇರುತ್ತದೆ.

ಯುಪಿಎಸ್ ಇದ್ದರೆ

ಕರೆಂಟ್ ಹೋದಾಗ ಯುಪಿಎಸ್ ಬ್ಯಾಟರಿಗೆ ಬದಲಾಗಲು ಕೆಲವು ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಅಷ್ಟು ಹೊತ್ತು ಪವರ್ ಸಪ್ಲೈ ತನ್ನ ಕೆಪಾಸಿಟರಿನಲ್ಲಿರುವುದರಿಂದಲೇ ಕಂಪ್ಯೂಟರನ್ನು ನಡೆಸಬೇಕು. 16-17 ಮಿಲಿಸೆಕೆಂಡ್ ತಾಳುವುದು ಒಳ್ಳೆಯ ಲಕ್ಷಣ. ಅಗ್ಗದ ಪವರ್ ಸಪ್ಲೈಗಳಲ್ಲಿ ಕೆಪಾಸಿಟರ್ ಚಿಕ್ಕದಾಗಿದ್ದು, ಯುಪಿಎಸ್ ಇದ್ದರೂ ಕಂಪ್ಯೂಟರ್ ರೀಸ್ಟಾರ್ಟ್ ಆಗುವುದು ಇದರಿಂದಲೇ. ಬ್ಯಾಟರಿಯಲ್ಲಿ ಚೌಕ ಅಲೆಯ ಕರೆಂಟ್ ಕೊಡುವ ಯುಪಿಎಸ್ ಜೊತೆ ಆಕ್ಟಿವ್ ಪಿಎಫ್‌ಸಿ ಪವರ್ ಸಪ್ಲೈ ಕೆಲವೊಮ್ಮೆ ಹೊಂದಿಕೊಳ್ಳದೆ ಆರಿಹೋಗುತ್ತದೆ. ಶುದ್ಧ ಸೈನ್ ಅಲೆಯದಾದರೆ ಆ ತಂಟೆಯಿಲ್ಲ. ಮತ್ತೆ, 600 ವಿಎ ಎಂದರೆ 600 ವ್ಯಾಟ್ ಅಲ್ಲ. ಅಂಥವುಗಳಲ್ಲಿ ಹೆಚ್ಚಿನವು ಕೊಡುವುದು 360 ವ್ಯಾಟ್.

ಜೋಡಿಸುವಾಗ

ಕ್ಯಾಬಿನೆಟ್ಟಿನ ತಳದಲ್ಲಿ ಜಾಲರಿ ಇದ್ದರೆ ಪವರ್ ಸಪ್ಲೈಯ ಫ್ಯಾನ್ ಕೆಳಮುಖವಾಗಿರಲಿ, ಜಾಲರಿ ಇಲ್ಲದಿದ್ದರೆ ಮೇಲ್ಮುಖವಾಗಿ. ಮಾಡ್ಯುಲರ್ ಆದರೆ ಕೇಬಲ್‌ಗಳನ್ನು ಒಳಗೆ ಕೂರಿಸುವ ಮೊದಲೇ ಸಿಕ್ಕಿಸಿ, ಆಮೇಲೆ ಕೈ ಹೋಗುವುದಿಲ್ಲ. ನಾಲ್ಕು ಸ್ಕ್ರೂಗಳನ್ನೂ ಸಡಿಲವಾಗಿ ಹಾಕಿ ನಂತರ ಬಿಗಿ ಮಾಡಿ. ಮೊದಲು ಪ್ರೊಸೆಸರ್ ಕೇಬಲ್ ಎಳೆದು ಮೇಲಿನ ಮೂಲೆಗೆ ಮುಟ್ಟಿಸಿ. ಮದರ್‌ಬೋರ್ಡ್ ಕೂರಿಸಿ ಕೂಲರ್ ಹಾಕಿದ ಮೇಲೆ ಆ ಸಂದಿಗೆ ಬೆರಳು ತೂರುವುದು ಕಷ್ಟ. 24 ಪಿನ್ ಅನ್ನು ಕೊಕ್ಕೆ ಟಿಕ್ ಎನ್ನುವವರೆಗೆ ಒತ್ತಿ, ಒತ್ತುವಾಗ ಮದರ್‌ಬೋರ್ಡ್ ಬಾಗದಂತೆ ಅಂಚಿಗೆ ಬೆರಳಿನ ಆಸರೆ ಕೊಡಿ.

ಮೊದಲ ಸಲ ಒತ್ತಿದಾಗ ಏನೂ ಆಗದಿದ್ದರೆ ಗಾಬರಿ ಬೇಡ. ಪವರ್ ಸಪ್ಲೈ ಹಿಂದಿನ ಸ್ವಿಚ್ ಗೆರೆಯ ಕಡೆಗಿದೆಯೇ ನೋಡಿ, ಸೊನ್ನೆಯ ಕಡೆ ಇದ್ದರೆ ಆಫ್. ಆಮೇಲೆ ಕ್ಯಾಬಿನೆಟ್ ಬಟನ್ನಿನ ಎರಡು ಪಿನ್ ತಂತಿ. ಫ್ಯಾನುಗಳು ತಿರುಗಿ ಚಿತ್ರವೇ ಬಾರದಿದ್ದರೆ ಹೆಚ್ಚಾಗಿ ಪ್ರೊಸೆಸರಿನ 8 ಪಿನ್ ಮರೆತಿದ್ದೀರಿ ಅಥವಾ ರ‍್ಯಾಮ್ ಪೂರ್ತಿ ಕೂತಿಲ್ಲ. ಅರೆಕ್ಷಣ ತಿರುಗಿ ನಿಂತುಬಿಟ್ಟರೆ ಎಲ್ಲೋ ಶಾರ್ಟ್ ಇದೆ: ಮದರ್‌ಬೋರ್ಡಿನ ಕೆಳಗೆ ತಪ್ಪು ಜಾಗದಲ್ಲಿ ಹಿತ್ತಾಳೆಯ ಸ್ಟ್ಯಾಂಡಾಫ್ (ಬೋರ್ಡನ್ನು ಎತ್ತಿ ಹಿಡಿಯುವ ಪುಟ್ಟ ಗೂಟ) ಉಳಿದಿರಬಹುದು, ಸ್ಕ್ರೂ ಬಿದ್ದಿರಬಹುದು. ಪವರ್ ಸಪ್ಲೈಯ ಫ್ಯಾನ್ ತಿರುಗದೆ ಕಂಪ್ಯೂಟರ್ ಚೆನ್ನಾಗಿ ಓಡುತ್ತಿದ್ದರೆ ಅದು ಹೆಚ್ಚಾಗಿ ದೋಷವಲ್ಲ, ಲೋಡ್ ಕಡಿಮೆ ಇರುವಾಗ ಫ್ಯಾನ್ ನಿಲ್ಲಿಸುವ ಮಾದರಿ ಇರಬಹುದು. ಹಗುರ ಕೆಲಸದಲ್ಲಿ ಎಲ್ಲ ಸರಿಯಿದ್ದು ಭಾರಿ ಆಟ ಶುರುವಾದೊಡನೆ ಆರಿದರೆ ಮಾತ್ರ ಪವರ್ ಸಪ್ಲೈಯನ್ನು ಅನುಮಾನಿಸಿ. ಆಗಲೂ ಮೊದಲು ಎರಡು ತಲೆಯ ಕೇಬಲ್ ಬದಲು ಬೇರೆ ಬೇರೆ ಕೇಬಲ್ ಹಾಕಿ ನೋಡಿ. ಯಾವ ಕಾರಣಕ್ಕೂ ಪವರ್ ಸಪ್ಲೈಯನ್ನು ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್ ಜೀವಕ್ಕೆ ಅಪಾಯ ತರುವಷ್ಟು ಚಾರ್ಜ್ ಹಿಡಿದಿಟ್ಟಿರಬಹುದು.

ಇನ್ನು ಉಳಿದ ಕೇಬಲ್‌ಗಳ ವಿಷಯ. ಮಾಡ್ಯುಲರ್ ಕೇಬಲ್ಲಿನ ಮದರ್‌ಬೋರ್ಡ್ ಅಥವಾ ಡಿಸ್ಕ್ ಕಡೆಯ ತುದಿ ಎಲ್ಲರದೂ ಒಂದೇ, ಆದರೆ ಪವರ್ ಸಪ್ಲೈ ಕಡೆಯ ತುದಿಗೆ ಯಾವ ನಿಯಮವೂ ಇಲ್ಲ. ಪ್ಲಗ್ ಸಲೀಸಾಗಿ ಕೂತರೂ 5 ವೋಲ್ಟ್ ಬರಬೇಕಾದಲ್ಲಿ 12 ಬಂದು ಎಸ್‌ಎಸ್‌ಡಿ, ಹಾರ್ಡ್ ಡಿಸ್ಕ್ ಎಲ್ಲ ಒಂದೇ ಏಟಿಗೆ ಸುಡುತ್ತವೆ. ಅದೇ ಬ್ರಾಂಡಿನ ಬೇರೆ ಸರಣಿಯ ಕೇಬಲ್ಲೂ ಹೊಂದುತ್ತದೆಂದು ಭರವಸೆಯಿಲ್ಲ. ಬಳಸದೆ ಉಳಿದ ಕೇಬಲ್‌ಗಳನ್ನು ಒಂದು ಚೀಲಕ್ಕೆ ಹಾಕಿ, ಪವರ್ ಸಪ್ಲೈಯ ಪೂರ್ತಿ ಮಾಡೆಲ್ ಹೆಸರು ಬರೆದ ಚೀಟಿ ಅದರೊಳಗಿಡಿ. ಮುಂದೆ ಪವರ್ ಸಪ್ಲೈ ಬದಲಿಸಿದಾಗ ಹಳೆಯ ಕೇಬಲ್‌ಗಳನ್ನೂ ಅದರ ಜೊತೆಗೇ ಹೊರಗೆ ತೆಗೆಯಿರಿ.